ಮೌನಕ್ಕೂ ವೇಳೆ ಇಟ್ಟ ಪಟ್ಟಿ

ಕ್ರೈಸ್ತ ಸಭೆಯ ರಿಟ್ರೀಟಿಗೆ, ಅಂದರೆ ಧ್ಯಾನಶಿಬಿರಕ್ಕೆ, ಹೋಗಿಬಂದವರು ಸಂದೇಶವನ್ನೂ ಹಾಡುಗಳನ್ನೂ ನೆನೆಯುತ್ತಾರೆ. ನನಗೆ ಅದರ ಹಿಂದಿನ ಒಂದು ಹಾಳೆಯ ಮೇಲೆ ಅಪಾರ ಮೆಚ್ಚುಗೆ. ಅದು ಕಾರ್ಯಕ್ರಮದ ಪಟ್ಟಿ.

ಒಳ್ಳೆಯ ಪಟ್ಟಿಯಲ್ಲಿ ಬೆಳಗಿನ ಪ್ರಾರ್ಥನೆ, ಸತ್ಯವೇದ ಅಧ್ಯಯನ, ಊಟದ ಜೊತೆಗೆ ಒಂದು ಗಂಟೆ ಮೌನವೂ ಇರುತ್ತದೆ. ಇನ್ನೊಂದು ಭಾಷಣ, ಇನ್ನೊಂದು ಆಟ ಸೇರಿಸಿ ಎಂಬ ಒತ್ತಾಯ ಬಂದೇ ಬರುತ್ತದೆ. ಆ ಗಂಟೆಯನ್ನು ಯಾರಿಗೂ ಬಿಟ್ಟುಕೊಡದೆ ಕಾಯುವುದೇ ಯೋಜಿಸುವವರ ಕಸುಬುಗಾರಿಕೆ. ಮಾರ್ಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿ, ಊಟಕ್ಕೂ ಬಿಡುವಿಲ್ಲದ ಶಿಷ್ಯರನ್ನು ಯೇಸು ನಿರ್ಜನ ಸ್ಥಳಕ್ಕೆ ಕರೆದದ್ದು ದಣಿವಾರಿಸಿಕೊಳ್ಳಲೆಂದೇ.

ಪಟ್ಟಿ ಬಂದವರಿಗೆ ಹೊಂದಬೇಕೆಂಬುದೂ ಹಳೆಯ ಪಾಠವೇ. 1548ರಲ್ಲಿ ಪೋಪರ ಒಪ್ಪಿಗೆ ಪಡೆದ ಸಂತ ಇಗ್ನೇಷಿಯಸ್ ಲೊಯೋಲರ ಧ್ಯಾನಕ್ರಮ ಸುಮಾರು 30 ದಿನಗಳದು. ಆದರೂ ಧ್ಯಾನಕ್ಕೆ ಕೂರುವವರ ವಯಸ್ಸು, ವಿದ್ಯೆ, ಶಕ್ತಿ ನೋಡಿ ಅದನ್ನು ಹೊಂದಿಸಬೇಕೆಂದು ಅವರೇ ಸೂಚಿಸಿದ್ದಾರೆ.

ಅದೇ ವಿವೇಕ ನಮ್ಮ ಹಾಳೆಯ ಹಿಂಬದಿಯಲ್ಲೂ ಕಾಣುತ್ತದೆ: ಮಂಡಿನೋವಿನ ಅಜ್ಜಿಗೆ ಕೆಳಗಿನ ಕೋಣೆ, ಸಕ್ಕರೆ ಕಾಯಿಲೆಯವರಿಗೆ ಹೊತ್ತಿಗೆ ಸರಿಯಾಗಿ ತಿಂಡಿ, ಎಳೆಮಗುವಿನ ತಾಯಿಯೂ ಅಧ್ಯಯನಕ್ಕೆ ಕೂರುವಂತೆ ಮಗು ನೋಡಿಕೊಳ್ಳುವವರ ಸರದಿ. ಹಣ ಹೊಂದಿಸಲಾಗದವರ ಪಾಲನ್ನು ಸದ್ದಿಲ್ಲದೆ ತುಂಬುವ ಏರ್ಪಾಡು ಮಾತ್ರ ಹಾಳೆಗೂ ಬರುವುದಿಲ್ಲ.

ಇಷ್ಟು ಅಚ್ಚುಕಟ್ಟಾದರೆ ಬಂದವರ ಮನಸ್ಸು ಚಿಂತೆ ಬಿಟ್ಟು ಪ್ರಾರ್ಥನೆಗೆ ತೆರೆದುಕೊಳ್ಳುತ್ತದೆ. ಬಸ್ಸು, ಹಾಸಿಗೆ, ಅಡುಗೆ ಹೊಂದಿಸುವುದೂ ದೇವರ ಸೇವೆಯೇ. ಸಂದೇಶ ಕೊಟ್ಟವರಿಗೆ ವಂದನೆ ಹೇಳುವಾಗ ಪಟ್ಟಿ ಬರೆದವರನ್ನೂ ಹೆಸರು ಹಿಡಿದು ನೆನೆಯೋಣ.