ಚಿಕವೀರ ರಾಜೇಂದ್ರ ಮತ್ತು ಸೋಲೊಪ್ಪುವ ಹೊತ್ತು

ಹೈಸ್ಕೂಲಿನಲ್ಲಿದ್ದಾಗ ಮಡಿಕೇರಿಯ ಒಂದು ಚೆಸ್ ಪಂದ್ಯದಲ್ಲಿ, ಸೋಲಬೇಕಿಲ್ಲದ ಆಟವೊಂದನ್ನು ನಾನು ಸೋತೆ. ನನ್ನ ಕಡೆ ಉಳಿದಿದ್ದದ್ದು ರಾಜ ಒಬ್ಬನೇ, ಅದೂ ಮೂಲೆಯ ಮನೆಯ ಪಕ್ಕದಲ್ಲಿ. ಎದುರಾಳಿಗೆ ರಾಜನ ಜೊತೆ ಒಂದು ಒಂಟೆ, ಅಂಚಿನ ಸಾಲಿನಲ್ಲಿ ಒಂದು ಕಾಲಾಳು. ನಾನು ಕೈ ಚಾಚಿ ಸೋಲೊಪ್ಪಿಕೊಂಡೆ. ಹೊರಗೆ ಬಂದಾಗ ಪಕ್ಕದ ಬೋರ್ಡಿನ ಹುಡುಗ, "ಯಾಕೆ ಬಿಟ್ಟೆ ಮಾರಾಯ? ಕಾಲಾಳು ಮಂತ್ರಿಯಾಗೋ ಮನೆ ಕಪ್ಪು, ಅವನ ಒಂಟೆ ಓಡಾಡೋದು ಬಿಳಿ ಮನೆಗಳಲ್ಲಿ. ನೀನು ಮೂಲೇಲಿ ಕೂತಿದ್ರೆ ಅವನು ರಾತ್ರಿಯಿಡೀ ಆಡಿದ್ರೂ ಡ್ರಾನೇ" ಅಂದ. ನನಗೆ ಆ ನಿಯಮ ಗೊತ್ತಿತ್ತು. ಆದರೆ ಎದುರಿಗಿದ್ದವನು ಹಿಂದಿನ ವರ್ಷ ಗೆದ್ದವನು. ನಾನು ನೋಡಿದ್ದು ಅವನ ಮುಖವನ್ನು, ಬೋರ್ಡನ್ನಲ್ಲ.

ದೊಡ್ಡವರೂ ಹೀಗೆ ಸೋತಿದ್ದಾರೆ ಎಂದು ಆಮೇಲೆ ತಿಳಿದು ಸ್ವಲ್ಪ ಸಮಾಧಾನವಾಯಿತು. 1997ರಲ್ಲಿ ಡೀಪ್ ಬ್ಲೂ ಕಂಪ್ಯೂಟರಿನ ಎದುರು ಎರಡನೆಯ ಆಟದಲ್ಲಿ ಕಾಸ್ಪರೋವ್ ಸೋಲೊಪ್ಪಿಕೊಂಡು ಎದ್ದುಹೋದ. ಆ ಸ್ಥಿತಿಯಲ್ಲಿ ಡ್ರಾಗೆ ದಾರಿಯಿತ್ತೆಂದು ವಿಶ್ಲೇಷಕರು ಮರುದಿನ ತೋರಿಸಿದರು. ಯಂತ್ರ ಎಲ್ಲವನ್ನೂ ಲೆಕ್ಕ ಹಾಕಿರುತ್ತದೆ ಎಂದು ನಂಬಿ ಅವನು ಆ ದಾರಿಯನ್ನು ಹುಡುಕಲೇ ಇಲ್ಲ. ಸೋಲೊಪ್ಪುವುದು ಬಹಳ ಸಲ ಬೋರ್ಡಿನ ಬಗ್ಗೆ ಕೊಡುವ ತೀರ್ಪಲ್ಲ, ಎದುರಾಳಿಯ ಶಕ್ತಿಗೆ ಹೊಡೆಯುವ ಸಲಾಮು.

ನನ್ನ ಪ್ರಬಂಧದ ಅಧ್ಯಾಯವೊಂದಕ್ಕಾಗಿ ಮಾಸ್ತಿಯವರ 'ಚಿಕವೀರ ರಾಜೇಂದ್ರ'ವನ್ನು ಮತ್ತೆ ಓದುವಾಗ ಆ ಹಳೆಯ ಆಟ ಪದೇ ಪದೇ ನೆನಪಿಗೆ ಬಂತು. 1956ರಲ್ಲಿ ಪ್ರಕಟವಾಗಿ 1983ರ ಜ್ಞಾನಪೀಠದೊಂದಿಗೆ ಹೆಸರು ಸೇರಿಸಿಕೊಂಡ ಕಾದಂಬರಿ ಇದು. ಕೊಡಗಿನಲ್ಲಿ ಇದನ್ನು ಓದಿದವರ ನಡುವೆ ಮಾತು ಸುತ್ತುವುದು ಒಂದೇ ಪ್ರಶ್ನೆಯ ಸುತ್ತ: ಕೊನೆಯ ಅರಸ ಹೇಡಿಯೋ, ಮೋಸಹೋದವನೋ? ಯಾವಾಗ ಬಿಟ್ಟ, ಆಗ ಬೋರ್ಡಿನ ಮೇಲೆ ಏನಿತ್ತು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಇದ್ದದ್ದು ಇಷ್ಟು. 1834ರ ಏಪ್ರಿಲ್ ಆರಂಭದಲ್ಲಿ ಕಂಪನಿಯ ಸೈನ್ಯ ನಾಲ್ಕು ತುಕಡಿಗಳಾಗಿ ಕೊಡಗಿನ ಮೇಲೆ ಬಂತು. ಉತ್ತರದಿಂದ ನುಗ್ಗಿದ ತುಕಡಿ ಕೊಡಗಿನವರ ತಡೆಗೆ ಸಿಕ್ಕಿ, ಸಾಕಷ್ಟು ಜನರನ್ನು ಕಳೆದುಕೊಂಡು ಹಿಂದೆ ಸರಿಯಿತು. ಆದರೂ ಏಪ್ರಿಲ್ 6ರಂದು ಇನ್ನೊಂದು ತುಕಡಿ ಮಡಿಕೇರಿ ಕೋಟೆಯನ್ನು ಹೊಕ್ಕಿತು. ಕಕ್ಕಬೆಯ ಹತ್ತಿರ, ಕಾಡಿನ ನಡುವಿನ ನಾಲ್ಕುನಾಡು ಅರಮನೆಯಲ್ಲಿದ್ದ ರಾಜ ಕೆಲವೇ ದಿನಗಳಲ್ಲಿ ಶರಣಾದ. ಮೇ 7ಕ್ಕೆ ಕೊಡಗು ಕಂಪನಿಯ ಪಾಲಾಯಿತು. ರಾಜ ಗೆಲ್ಲುತ್ತಿದ್ದ ಎಂದು ನಾನು ವಾದಿಸುತ್ತಿಲ್ಲ. ಪಕ್ಕದ ಮೈಸೂರು ಮೂರು ವರ್ಷದ ಹಿಂದೆಯೇ ಕಂಪನಿಯ ಆಡಳಿತಕ್ಕೆ ಹೋಗಿತ್ತು, ಕರಾವಳಿಯೂ ಅವರದೇ. ಆದರೆ ಗೆಲ್ಲಲಾಗದ ಆಟಕ್ಕೂ ಸೋತ ಆಟಕ್ಕೂ ನಡುವೆ ಡ್ರಾ ಎಂಬುದೊಂದಿದೆ. ಷರತ್ತು ಹಾಕಲು ಬೇಕಾದಷ್ಟು ದಿನ ಕಾಡಿನಲ್ಲಿ ಉಳಿಯಬಹುದಿತ್ತೇ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಮಾಸ್ತಿ ಇದನ್ನು ಕೇಳುವುದಿಲ್ಲ. ಕುಡಿತ, ಕಾಮ, ಕ್ರೌರ್ಯ, ಜೊತೆಗೆ ಕುಂಟ ಬಸವನ ಸಹವಾಸ; ಇಷ್ಟೆಲ್ಲ ಆದಮೇಲೆ ಅರಸ ಸೋಲಲೇಬೇಕು ಎಂಬ ನೈತಿಕ ಲೆಕ್ಕ ಕಾದಂಬರಿಯಲ್ಲಿ ಮೊದಲೇ ಕೂಡಿಟ್ಟಿದೆ. 'ಯಾಕೆ ಸೋತ' ಎಂಬುದಕ್ಕೆ ಉತ್ತರ ಅಷ್ಟು ಗಟ್ಟಿಯಾಗಿರುವುದರಿಂದ 'ಯಾವಾಗ ಸೋತ' ಎಂಬುದರಲ್ಲಿ ಬಿಸಿ ಉಳಿಯುವುದಿಲ್ಲ. ನಾಲ್ಕುನಾಡಿನ ರಾಜನಿಗಾಗಿ ಓದುಗರ ಎದೆ ಹೊಡೆದುಕೊಳ್ಳುವುದಿಲ್ಲ. ನನಗೆ ಇದು ಕಾದಂಬರಿಯ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಅದರ ಬದಲು ಮಾಸ್ತಿ ಇನ್ನೊಂದನ್ನು ಕೊಟ್ಟಿದ್ದಾರೆ, ಅದು ಸಣ್ಣದಲ್ಲ. ಈ ಕಾದಂಬರಿಯಲ್ಲಿ ನಿಜವಾಗಿ ಸೋಲೊಪ್ಪುವವನು ಮಂತ್ರಿ ಬೋಪಣ್ಣ. ಅರಸನನ್ನು ಬಿಡುವುದು ಯಾವ ಗಳಿಗೆಯಲ್ಲಿ ದ್ರೋಹ, ಯಾವ ಗಳಿಗೆಯಲ್ಲಿ ಕರ್ತವ್ಯ ಎಂದು ತೂಗಬೇಕಾದವನು ಅವನು. ಮಾಸ್ತಿಯವರ ಅವಸರವಿಲ್ಲದ ಮಾತುಕತೆಯ ಶೈಲಿ (ಮೊದಲ ಓದಿನಲ್ಲಿ ನನಗೆ ಆಕಳಿಕೆ ತರಿಸಿದ್ದೂ ಅದೇ) ಇಲ್ಲಿ ತಕ್ಕ ಕೆಲಸ ಮಾಡುತ್ತದೆ: ಒಬ್ಬ ಮನುಷ್ಯ ನಿಷ್ಠೆಯನ್ನು ಒಂದೇ ಏಟಿಗೆ ಕಳಚುವುದಿಲ್ಲ, ಒಂದೊಂದೇ ಗುಂಡಿ ಬಿಚ್ಚುತ್ತಾನೆ. ಚೆಸ್ಸಿನಲ್ಲಿ ಕಾಯಿಗೆ ಆಟಗಾರನನ್ನು ಬಿಡುವ ಹಕ್ಕಿಲ್ಲ. ಇಲ್ಲಿ ಆಟಗಾರ ಕೈ ಎತ್ತುವ ಮೊದಲೇ ಮಂತ್ರಿ ಬೋರ್ಡಿನಿಂದ ಇಳಿದಿರುತ್ತಾನೆ.

ಅದೇ ಕಾಲದ ಇನ್ನೊಬ್ಬ ಅರಸನನ್ನು ಪಕ್ಕಕ್ಕಿಟ್ಟು ನೋಡಬೇಕು. 1831ರಲ್ಲಿ ಆಡಳಿತ ಕಳೆದುಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರು ಅಕ್ಷರಶಃ ಚದುರಂಗದವರು. 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಆಟಗಳಿಗೆ ಜಾಗ ಕೊಟ್ಟವರು, ಕುದುರೆಯೊಂದು 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟುವ ನಡೆಗಳನ್ನು ಕಟ್ಟಿದವರು. ಆ ಕುದುರೆಯಾಟದಲ್ಲಿ ಎದುರಾಳಿಯೇ ಇಲ್ಲ, ಹಾಗಾಗಿ ಶರಣಾಗತಿಯೂ ಇಲ್ಲ. ಅರಮನೆಯೊಳಗೆ ಹಾಗೆ ಆಡುತ್ತಲೇ ಹೊರಗೆ ಅರ್ಜಿಯ ಮೇಲೆ ಅರ್ಜಿ ಹಾಕುತ್ತ ಹೋದರು, 1865ರಲ್ಲಿ ಮಗನನ್ನು ದತ್ತು ತೆಗೆದುಕೊಂಡರು, 1868ರಲ್ಲಿ ತೀರಿಕೊಂಡರು. 1881ರಲ್ಲಿ ರಾಜ್ಯ ಆ ದತ್ತುಪುತ್ರನ ಕೈಗೆ ಮರಳಿತು.

ಚಿಕವೀರನೂ ಆಮೇಲೆ ಸುಮ್ಮನಿರಲಿಲ್ಲ. 1852ರಲ್ಲಿ ಮಗಳು ಗೌರಮ್ಮನೊಂದಿಗೆ ಲಂಡನ್ನಿಗೆ ಹೋದ. ಮಗಳ ದೀಕ್ಷಾಸ್ನಾನಕ್ಕೆ ರಾಣಿ ವಿಕ್ಟೋರಿಯಾ ಧರ್ಮಮಾತೆಯಾದಳು. ಅವನು ತನಗೆ ಬರಬೇಕಾದ ಹಣಕ್ಕಾಗಿ ಕಂಪನಿಯ ಮೇಲೆ ಅಲ್ಲಿನ ನ್ಯಾಯಾಲಯದಲ್ಲಿ ದಾವೆ ಹೂಡಿದ. 1859ರಲ್ಲಿ ಅಲ್ಲೇ ಸತ್ತ, ದಾವೆ ಗೆಲ್ಲಲಿಲ್ಲ. ಕೆಲವೇ ದಿನಗಳಲ್ಲಿ ರಾಜ್ಯ ಬಿಟ್ಟವನು ಹಣದ ಆಟವನ್ನು ವರ್ಷಗಟ್ಟಲೆ ಆಡಿದ.

ಕಾದಂಬರಿ ಅರಸುಮನೆತನದ ಬೆನ್ನು ಹತ್ತಿ ಕಾಶಿಗೆ, ಇಂಗ್ಲೆಂಡಿಗೆ ಹೋಗುತ್ತದೆ. ನನ್ನ ತಕರಾರು ಇರುವುದು ಇಲ್ಲೇ. ರಾಜ ಕೈ ಎತ್ತಿದ ಮೂರು ವರ್ಷಕ್ಕೆ, 1837ರಲ್ಲಿ, ಸುಳ್ಯ ಮತ್ತು ಕೊಡಗಿನ ರೈತರು ಅದೇ ಮನೆತನದ ಹೆಸರು ಹೇಳಿಕೊಂಡು ಎದ್ದರು. ಕಂದಾಯವನ್ನು ದವಸದ ಬದಲು ರೊಕ್ಕದಲ್ಲಿ ಕಟ್ಟಬೇಕಾಗಿ ಬಂದದ್ದು ಸಿಟ್ಟಿಗೆ ಒಂದು ಕಾರಣ. ಕಲ್ಯಾಣಸ್ವಾಮಿ ಎಂಬ ವಾರಸುದಾರನ ಹೆಸರಿನಲ್ಲಿ ದಂಡು ಕಟ್ಟಿ, ಘಟ್ಟ ಇಳಿದು, ಮಂಗಳೂರನ್ನು ಸುಮಾರು ಎರಡು ವಾರ ಹಿಡಿದುಕೊಂಡಿದ್ದರು. ಆಟಗಾರ ಎದ್ದುಹೋದ ಬೋರ್ಡಿನ ಮೇಲೆ ಕಾಲಾಳುಗಳು ತಾವೇ ಆಡಿದ ಆಟ ಅದು. ನಮ್ಮ ಮನೆಗಳಲ್ಲಿ ಅಜ್ಜಂದಿರು ಚಿಕವೀರನಿಗಿಂತ ಹೆಚ್ಚು ಹೇಳುವುದು ಅವರ ಕಥೆಯನ್ನೇ. ಮಾಸ್ತಿ ಕೊಡಗಿನ ಸೋಲನ್ನು ಅರಮನೆಯ ಕಿಟಕಿಯಿಂದ ನೋಡಿದರು. ಅಲ್ಲಿಂದ ಸುಳ್ಯ ಕಾಣುವುದಿಲ್ಲ.

1837ರ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಆಗ ರಾಜ ಕಾಶಿಯಲ್ಲಿದ್ದ. ಅವನಿಗೆ ಆ ಸುದ್ದಿ ಮುಟ್ಟುವ ದೃಶ್ಯವೊಂದನ್ನು ಮಾಸ್ತಿ ಬರೆದಿದ್ದರೆ ಹೇಗಿರುತ್ತಿತ್ತು ಎಂದು, ಅಧ್ಯಾಯ ಮುಂದೆ ಸಾಗದ ರಾತ್ರಿಗಳಲ್ಲಿ, ಯೋಚಿಸುತ್ತಿರುತ್ತೇನೆ.