ಆಡಿದ ಮಾತು, ಕೇಳಿದ ಮಾತು: ಬಿ. ಪಿ. ವಾಡಿಯಾ ಅವರ ಕಾರ್ಮಿಕ ಭಾಷಣಗಳು

ಮದರಾಸು ಕಾರ್ಮಿಕ ಸಂಘವು 1918ನೆಯ ಇಸವಿ ಏಪ್ರಿಲ್ 27ರಂದು ಸ್ಥಾಪಿತವಾಯಿತು. ಅದರ ಪ್ರಥಮಾಧ್ಯಕ್ಷರಾದ ಬಿ. ಪಿ. ವಾಡಿಯಾ ಅವರ ಭಾಷಣಗಳು 1921ರಲ್ಲಿ ‘ಲೇಬರ್ ಇನ್ ಮದ್ರಾಸ್’ ಎಂಬ ಹೆಸರಿನಿಂದ ಗ್ರಂಥರೂಪದಲ್ಲಿ ಪ್ರಕಟವಾದುವು. ವಿದ್ಯಾರ್ಥಿಗಳು ಇದನ್ನು ಮೂಲಾಧಾರವೆಂದು ಓದುವುದು ಯುಕ್ತವೇ ಸರಿ. ಆದರೆ ಒಂದು ಎಚ್ಚರಿಕೆ ಅವಶ್ಯಕ: ಈ ಪುಟಗಳಲ್ಲಿರುವುದು ಪೆರಂಬೂರಿನ ಕಾರ್ಮಿಕರು ಕೇಳಿದ ಮಾತಲ್ಲ.

ವಾಡಿಯಾ ಅವರು ಮುಂಬಯಿಯ ಪಾರಸಿ ಮನೆತನದವರು, ಮಾತನಾಡಿದ್ದು ಇಂಗ್ಲಿಷಿನಲ್ಲಿ. ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳ ಕೆಲಸಗಾರರ ಕಿವಿಗೆ ಬಿದ್ದದ್ದು ಅದರ ತಮಿಳು ಅನುವಾದ. ಅನುವಾದಕನು ಯಾವುದನ್ನು ಬಿಟ್ಟನು, ಯಾವುದನ್ನು ವಿಸ್ತರಿಸಿದನು, ಯಾವ ಉಪಮೆಯಿಂದ ತಿಳಿಯಹೇಳಿದನು ಎಂಬುದಕ್ಕೆ ಇಂಗ್ಲಿಷು ಪಾಠವು ಸಾಕ್ಷಿಯಾಗಲಾರದು. ಅಚ್ಚಾದ ವಾಕ್ಯವನ್ನೇ ಹಿಡಿದು, ಇದು ಕಾರ್ಮಿಕರನ್ನು ಎಚ್ಚರಿಸಿತು ಎಂದು ಬರೆಯುವ ಚರಿತ್ರಕಾರನು ನಡುವೆ ನಿಂತಿದ್ದ ಆ ವ್ಯಕ್ತಿಯನ್ನು ಮರೆತಿರುತ್ತಾನೆ.

ಮರೆಯಬಾರದವರು ಇನ್ನಿಬ್ಬರುಂಟು. ಜಿ. ಸೆಲ್ವಪತಿ ಚೆಟ್ಟಿಯಾರ್ ಮತ್ತು ಜಿ. ರಾಮಾನುಜುಲು ನಾಯುಡು ಅವರೇ ವಾಡಿಯಾ ಅವರನ್ನು ಆಹ್ವಾನಿಸಿದವರು. 1917ರಲ್ಲಿ ಆನಿ ಬೆಸೆಂಟರೊಡನೆ ಬಂಧನಕ್ಕೊಳಗಾಗಿದ್ದ ಈ ಅತಿಥಿಯ ಕೀರ್ತಿ ಸಂಘಕ್ಕೆ ಬಲವಾಗಿದ್ದೀತು. ಆದರೆ ಅವರು ಕೀರ್ತಿಯನ್ನಷ್ಟೇ ನೆಚ್ಚಲಿಲ್ಲ. ಮಧ್ಯಾಹ್ನದ ಊಟಕ್ಕೆ ದೊರೆಯುತ್ತಿದ್ದ ಬಿಡುವು ಸಾಲದೆಂಬಂತಹ ದಿನನಿತ್ಯದ ಕಷ್ಟಗಳನ್ನು ಅವರಿಗೆ ಮುಂಚಿತವಾಗಿಯೇ ತಿಳಿಸಿದರು. ಇದಲ್ಲದೆ ‘ದೇಶಭಕ್ತನ್’ ಪತ್ರಿಕೆಯ ಸಂಪಾದಕರಾಗಿದ್ದ ತಿರು. ವಿ. ಕಲ್ಯಾಣಸುಂದರ ಮೊದಲಿಯಾರರು ಅದೇ ಕಾರ್ಮಿಕರಿಗೆ ತಮಿಳಿನಲ್ಲಿಯೇ ಉಪನ್ಯಾಸ ಮಾಡಿದರು. ಒಬ್ಬರ ಮಾತಿಗೆ ಸರಕಾರವೂ ಮಾಲೀಕರೂ ಕಿವಿಗೊಡಬೇಕಾಗಿದ್ದಿತು. ಮತ್ತೊಬ್ಬರ ಮಾತು ಕೆಲಸಗಾರನಿಗೆ ನೇರವಾಗಿ ಮುಟ್ಟುತ್ತಿದ್ದಿತು. ಈ ಎರಡರ ಅಗತ್ಯವನ್ನೂ ಅರಿತ ವಿವೇಕವು ಸಂಘಟಕರದು.

ಆದುದರಿಂದ ಈ ಗ್ರಂಥದ ಬೆಲೆಯನ್ನು ಕುಗ್ಗಿಸದೆಯೇ ಅದರ ಮಿತಿಯನ್ನು ಹೇಳಬಹುದು. ಇದು ಭಾಷಣಕಾರನ ಆಶಯಕ್ಕೆ ಉತ್ತಮ ಪ್ರಮಾಣ. ಸಭಿಕರ ಗ್ರಹಿಕೆಗೆ ಅಪೂರ್ಣ ಪ್ರಮಾಣ. ಎರಡನೆಯದನ್ನು ಅರಿಯಲು ತಮಿಳು ಬರಹಗಳನ್ನೂ, ಕಲ್ಯಾಣಸುಂದರರ ಆತ್ಮಕಥೆಯನ್ನೂ ಜೊತೆಗಿಟ್ಟು ಓದಬೇಕು.

ಈ ಪಾಠವು ಚರಿತ್ರೆಯ ತರಗತಿಗೆ ಮಾತ್ರ ಸೀಮಿತವಲ್ಲ. ಇಂದಿಗೂ ನೌಕರರ ಸಂಘಗಳು, ಅಧ್ಯಾಪಕರ ಸಂಘಗಳೂ ಸೇರಿದಂತೆ, ಹೆಸರಾಂತ ಅತಿಥಿಯನ್ನು ಕರೆತಂದು, ಸಭೆಯ ವಿಷಯವನ್ನು ವೇದಿಕೆಯ ಮೆಟ್ಟಿಲ ಬಳಿ ತಿಳಿಸುವುದುಂಟು. ಆಗ ಹಾರ ಅತಿಥಿಗೆ ಸಲ್ಲುತ್ತದೆ. ಸಭಿಕರು ಬರಿಗೈಯಲ್ಲಿ ಮರಳುತ್ತಾರೆ. ಅಂತಹ ಭಾಷಣದ ವರದಿಯನ್ನು ನಾಳಿನ ಚರಿತ್ರಕಾರನು ಓದಿದರೆ, ಸಭೆಯು ಅದನ್ನೆಲ್ಲ ಗ್ರಹಿಸಿತೆಂದೇ ಭ್ರಮಿಸಿಯಾನು.