ಕಪ್ಪಡಿಯ ರಾತ್ರಿ, ವೇದಿಕೆಯ ಹತ್ತು ನಿಮಿಷ

ಮೈಸೂರಿನ ಕಲಾಜೀವನವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ನಗರದ ಎಲ್ಲೆಯೊಳಗೇ ಮುಗಿದುಹೋಗುತ್ತದೆ. ಜಗನ್ಮೋಹನ ಅರಮನೆಯ ಚಿತ್ರಶಾಲೆ, 1989ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಆರಂಭವಾದ ರಂಗಾಯಣ, ಅದರ ಬಹುರೂಪಿ ನಾಟಕೋತ್ಸವ ಮತ್ತು ದಸರೆಯ ವೇದಿಕೆಗಳನ್ನು ದಾಟಿ ಅದು ಮುಂದೆ ಹೋಗುವುದು ಅಪರೂಪ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳು ಈ ಚರ್ಚೆಯಲ್ಲಿ ಕಾಣಿಸಿಕೊಳ್ಳುವುದು ಮೆರವಣಿಗೆಗೂ ಉತ್ಸವಕ್ಕೂ ತಂಡಗಳನ್ನು ಕಳಿಸಿಕೊಡುವ ಊರುಗಳಾಗಿ ಮಾತ್ರ. ಹಾಗೆ ಬಂದ ಕಲೆ ವೇದಿಕೆ ಏರಿದ ಮೇಲೆ ಏನಾಗಿ ಉಳಿಯುತ್ತದೆ ಎಂಬುದನ್ನು ಪರೀಕ್ಷಿಸಲು ನೀಲಗಾರರ ಹಾಡುಗಾರಿಕೆಗಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಮಂಟೇಸ್ವಾಮಿ ಪರಂಪರೆಯಲ್ಲಿ ಗುರುವಿನಿಂದ ದೀಕ್ಷೆ ಪಡೆದು ಮಂಟೇಸ್ವಾಮಿಯ ಮತ್ತು ಆತನ ಶಿಷ್ಯರ ಕಥೆಯನ್ನು ಹಾಡುವ ಭಕ್ತಗಾಯಕರನ್ನು ನೀಲಗಾರರೆನ್ನುತ್ತಾರೆ. ಅವರ ಕಾವ್ಯ 'ಸಾಲು'ಗಳಾಗಿ ಹರಡಿಕೊಂಡಿದೆ. ಸಾಲು ಎಂದರೆ ತನ್ನಷ್ಟಕ್ಕೆ ಪೂರ್ಣವಾಗಿದ್ದೂ ಹಿಂದುಮುಂದಿನ ಕಥೆಗೆ ಹೊಂದಿಕೊಳ್ಳುವ ಒಂದು ದೀರ್ಘ ಪ್ರಸಂಗ. ಕಲ್ಯಾಣದ ಸಾಲಿನಲ್ಲಿ ಮಂಟೇಸ್ವಾಮಿ ಹೇಸಿಕೆ ಹುಟ್ಟಿಸುವ ರೂಪ ತಾಳಿ ಬಸವಣ್ಣನ ಕಲ್ಯಾಣಕ್ಕೆ ಬಂದು ಅಲ್ಲಿನ ಶರಣರ ಭಕ್ತಿಯನ್ನು ಒರೆಗೆ ಹಚ್ಚಿದರೆ, ಹಲಗೂರಿನ ಸಾಲಿನಲ್ಲಿ ಆತನ ಶಿಷ್ಯ ಸಿದ್ಧಪ್ಪಾಜಿ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆ ಕೇಳಲು ಹೋಗುತ್ತಾನೆ. ಈ ಪರಂಪರೆಯ ಮುಖ್ಯ ನೆಲೆಗಳಲ್ಲಿ ಒಂದು ಕೃಷ್ಣರಾಜನಗರ ತಾಲ್ಲೂಕಿನ ಕಾವೇರಿ ದಂಡೆಯ ಕಪ್ಪಡಿ. ರಾಚಪ್ಪಾಜಿ ಮತ್ತು ಚನ್ನಾಜಮ್ಮನವರ ಗದ್ದುಗೆಗಳಿರುವ ಈ ಕ್ಷೇತ್ರದಲ್ಲಿ ಶಿವರಾತ್ರಿಗೆ ಶುರುವಾಗುವ ಜಾತ್ರೆ ವಾರಗಟ್ಟಲೆ ನಡೆಯುತ್ತದೆ.

ಈ ಹಾಡುಗಾರಿಕೆಯ ಕಟ್ಟು ಸರಳವೆಂದು ತೋರಿದರೂ ಹಾಗಿಲ್ಲ. ಮುಖ್ಯ ಗಾಯಕನ ಹೆಗಲಿಗೆ ಒರಗಿದ ತಂಬೂರಿಯ ತಂತಿಯನ್ನು ಒಂದು ಕೈಯ ಬೆರಳು ಬಿಡದೆ ಮೀಟುತ್ತಿದ್ದರೆ, ಇನ್ನೊಂದು ಕೈಯಲ್ಲಿ ಗಗ್ಗರ, ಅಂದರೆ ಒಳಗೆ ಹರಳು ತುಂಬಿದ ಟೊಳ್ಳು ಲೋಹದ ಬಳೆ, ಲಯವನ್ನು ಹಿಡಿದಿರುತ್ತದೆ. ಹಿಮ್ಮೇಳದವರು ದಮ್ಮಡಿ ಬಡಿದು, ತಾಳ ಹಾಕಿ, ಸೊಲ್ಲು ಎತ್ತಿಕೊಳ್ಳುತ್ತಾರೆ. ಹಾಡು ಒಂದು ಹಂತಕ್ಕೆ ಬಂದಾಗ ಗಾಯಕ ಅದನ್ನು ಬಿಟ್ಟು ಮಾತಿಗಿಳಿದು, ಕಥೆಯನ್ನು ನಾಲ್ಕು ಹೆಜ್ಜೆ ಮುಂದೆ ನಡೆಸಿ, ಹಿಮ್ಮೇಳದ ಒಂದು ಹೂಂಗುಟ್ಟುವಿಕೆಯನ್ನೇ ಹಿಡಿದು ಮತ್ತೆ ಹಾಡಿಗೆ ಏರುತ್ತಾನೆ. ಕೇಳುಗರಿಗೆ ಕಥೆ ಮೊದಲೇ ಗೊತ್ತಿರುವುದರಿಂದ ಅವರು ಕಾಯುವುದು ಮುಂದೇನಾಯಿತು ಎಂಬುದಕ್ಕಲ್ಲ, ಈ ಸಲ ಹೇಗೆ ಹೇಳುತ್ತಾನೆ ಎಂಬುದಕ್ಕೆ. ಹಿಗ್ಗಿಸುವುದು, ತಡೆಯುವುದು, ಹೇಳಿದ್ದನ್ನೇ ಬೇರೆ ಸೊಲ್ಲಿನಲ್ಲಿ ಹೊರಳಿಸುವುದು ಈ ಕಲೆಯ ಕಸುಬುಗಾರಿಕೆ; ಇವೆಲ್ಲಕ್ಕೂ ಬಂಡವಾಳ ಹೊತ್ತು.

ತಾಲ್ಲೂಕು ಕೇಂದ್ರಗಳ ಉತ್ಸವಗಳಲ್ಲಿ, ಗ್ರಾಮೀಣ ದಸರೆಯಂಥ ಸಮಾರಂಭಗಳಲ್ಲಿ, ಮೊದಲು ಕಡಿತವಾಗುವುದು ಈ ಹೊತ್ತೇ. ಉದ್ಘಾಟನೆ, ಸ್ವಾಗತ, ಹಾರ, ಭಾಷಣಗಳು ಮುಗಿದ ಮೇಲೆ, ರಸಮಂಜರಿಗೆ ಮುಂಚೆ, ಒಂದು ತಂಡಕ್ಕೆ ಹತ್ತು ಹದಿನೈದು ನಿಮಿಷ ಸಿಕ್ಕರೆ ಅದೇ ದೊಡ್ಡದು. ಅಷ್ಟರಲ್ಲಿ ಗುರುಸ್ಮರಣೆ ಮುಗಿದು ಮಂಟೇಸ್ವಾಮಿ ಕಲ್ಯಾಣದ ಬಾಗಿಲಿಗೂ ಬಂದಿರುವುದಿಲ್ಲ. ಆದ್ದರಿಂದ ತಂಡಗಳು ಕಥೆಯನ್ನು ಬಿಟ್ಟು ಪದವನ್ನು, ಅದರಲ್ಲೂ ಚುರುಕು ಲಯದ ಪದವನ್ನು ಆರಿಸಿಕೊಳ್ಳುತ್ತವೆ, ಚಪ್ಪಾಳೆಯೂ ಬೀಳುತ್ತದೆ. ಕಲಾವಿದರಿಗೆ ಸಂಭಾವನೆ ಮತ್ತು ಗುರುತು ದೊರೆಯುವುದು ಸಣ್ಣ ಮಾತಲ್ಲ, ಅದನ್ನು ಹಗುರವಾಗಿ ಕಾಣುವ ಹಕ್ಕು ವಿಮರ್ಶೆಗೆ ಇಲ್ಲ. ಆದರೆ ಪ್ರೇಕ್ಷಕ ಕಂಡದ್ದು ನೀಲಗಾರನ ವೇಷವನ್ನೇ ಹೊರತು ಅವನ ಕಲೆಯನ್ನಲ್ಲ ಎಂಬುದನ್ನು ಹೇಳದೆ ಇರುವಂತಿಲ್ಲ.

ಹೋಲಿಕೆಗೆ ಕ್ಯಾಸೆಟ್ಟನ್ನು ತೆಗೆದುಕೊಂಡರೆ ಈ ಮಾತು ಸ್ಪಷ್ಟವಾಗುತ್ತದೆ. ಮಳವಳ್ಳಿ ಮಹದೇವಸ್ವಾಮಿಯವರ ಧ್ವನಿಯಲ್ಲಿ ಮಾದೇಶ್ವರ, ಮಂಟೇಸ್ವಾಮಿ ಕಥೆಗಳು ಮನೆಮನೆಗೆ, ಹೋಟೆಲು-ಅಂಗಡಿಗಳಿಗೆ ತಲುಪಿದಾಗ, ಯಂತ್ರ ಬಂದು ಜನಪದವನ್ನು ಕೆಡಿಸಿತೆಂಬ ಕೊರಗು ಪಂಡಿತರ ಪಾಲಿಗೆ ಸಹಜವಾಗಿಯೇ ಇತ್ತು. ವಾಸ್ತವದಲ್ಲಿ ಕ್ಯಾಸೆಟ್ಟು ಗಾಯಕನ ಮೈಯನ್ನು ಕಳೆದು ಕಥೆಯ ಉದ್ದವನ್ನು ಬಹುಮಟ್ಟಿಗೆ ಕಾಪಾಡಿತು. ಜನಪದವನ್ನು ಉಳಿಸುವುದಾಗಿ ಸಾರುವ ವೇದಿಕೆಯೇ ಮೈಯನ್ನೂ ಬಣ್ಣವನ್ನೂ ಇಟ್ಟುಕೊಂಡು ಕಥೆಯನ್ನು ಕೈಬಿಟ್ಟಿತು. ಎಚ್.ಎಸ್. ಶಿವಪ್ರಕಾಶರ 'ಮಂಟೇಸ್ವಾಮಿ ಕಥಾಪ್ರಸಂಗ' ನಾಟಕ ಆಧುನಿಕ ರಂಗಭೂಮಿಯ ಕೃತಿಯಾಗಿದ್ದೂ ಕಾವ್ಯದೊಳಗಿನ ವಾದವನ್ನು, ಅಂದರೆ ಹೊರಗಿನವನೊಬ್ಬ ಬಂದು ಕಲ್ಯಾಣವನ್ನೇ ಪ್ರಶ್ನಿಸುವ ಧೈರ್ಯವನ್ನು, ಗಂಭೀರವಾಗಿ ತೆಗೆದುಕೊಂಡಿತು. ಉತ್ಸವದ ಹತ್ತು ನಿಮಿಷದಲ್ಲಿ ಮೊದಲು ಉದುರುವುದು ಈ ಪ್ರಶ್ನೆಯೇ. ಮೈಸೂರು ವಿಶ್ವವಿದ್ಯಾನಿಲಯದ ಜಯಲಕ್ಷ್ಮೀವಿಲಾಸದಲ್ಲಿರುವ ಜಾನಪದ ವಸ್ತುಸಂಗ್ರಹಾಲಯದ ಮಾತು ಬೇರೆ. ಅಲ್ಲಿ ಮೌನವಾಗಿರುವ ವಾದ್ಯ ತಾನು ಹಾಡುತ್ತಿದ್ದೇನೆಂದು ನಟಿಸುವುದಿಲ್ಲ.

ಹೆಗ್ಗಡದೇವನಕೋಟೆಯ ಹಾಡಿಗಳ, ಎಂದರೆ ಕಾಡಂಚಿನ ಗಿರಿಜನ ವಸತಿಗಳ, ಜೇನುಕುರುಬರು ಮತ್ತು ಕಾಡುಕುರುಬರ ಕುಣಿತ ವೇದಿಕೆಗೆ ಬರುವ ರೀತಿಯಲ್ಲಿ ಇದೇ ದೋಷ ಇನ್ನೂ ಕಟುವಾಗಿ ಕಾಣುತ್ತದೆ. ನಾಗರಹೊಳೆಯ ಕಾಡಿನಿಂದ ಹೊರಬಂದ ಕುಟುಂಬಗಳಿಗೆಂದು ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಪುನರ್ವಸತಿ ಕೇಂದ್ರವಿದೆ. ದಿನವೂ ಅಂಗಿ, ಸೀರೆ, ಪ್ಯಾಂಟು ತೊಡುವ ಜನ ಗಿರಿಜನ ಉತ್ಸವಕ್ಕೆ ಅಥವಾ ಮೆರವಣಿಗೆಗೆ ಸೊಪ್ಪು ಸುತ್ತಿಕೊಂಡು ಬರಬೇಕೆಂಬ ನಿರೀಕ್ಷೆ ಅವರದಲ್ಲ, ನೋಡುವವರದು. ಕಾಡಿನೊಳಗೆ ಇರಗೊಡದ ವ್ಯವಸ್ಥೆಯೇ ವೇದಿಕೆಯ ಮೇಲೆ ಅವರಿಂದ ಕಾಡನ್ನು ಅಭಿನಯಿಸಿಕೊಳ್ಳುತ್ತದೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಇದಕ್ಕೆ ಪ್ರತಿಯಾದ ಒಂದು ಉದಾಹರಣೆಯಿದೆ. 1961ರಲ್ಲಿ ನೆಲೆಗೊಂಡ ಟಿಬೆಟನ್ ವಸಾಹತಿನ ನಡುವೆ ಪೆನೋರ್ ರಿಂಪೊಚೆ 1963ರಲ್ಲಿ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ಮಠದ ಅಂಗಳದಲ್ಲಿ, ಟಿಬೆಟನ್ ಹೊಸವರ್ಷವಾದ ಲೋಸರಿನ ಆಸುಪಾಸಿನಲ್ಲಿ, ಭಿಕ್ಷುಗಳು ಛಾಮ್ ಕುಣಿಯುತ್ತಾರೆ. ದೊಡ್ಡ ಮುಖವಾಡ, ಜರತಾರಿಯ ಭಾರದ ನಿಲುವಂಗಿ, ನೆಲಕ್ಕೆ ಚಾಚಿದ ಉದ್ದನೆಯ ಕಹಳೆಗಳ ಅಡಿಸ್ವರ. ಹೆಜ್ಜೆಗಳು ಎಷ್ಟು ನಿಧಾನವೆಂದರೆ ಹೊರಗಿನಿಂದ ಬಂದವರಲ್ಲಿ ಹಲವರು ಫೋಟೊ ತೆಗೆದುಕೊಂಡು, 1999ರಲ್ಲಿ ಪೂರ್ಣಗೊಂಡ ಸುವರ್ಣ ದೇಗುಲದ ಕಡೆಗೆ ಹೊರಟುಬಿಡುತ್ತಾರೆ. ಅವರಿಗಾಗಿ ಕುಣಿತ ತನ್ನ ವೇಗವನ್ನು ಹೆಚ್ಚಿಸಿಕೊಳ್ಳುವುದಿಲ್ಲ. ಇದರ ಹಿಂದೆ ಮಠವೆಂಬ ಸಂಸ್ಥೆಯ ಬಲವಿದೆ, ಗೇಯ್ದು ತಿನ್ನುವ ನೀಲಗಾರನಿಗೆ ಅಂಥ ಆಸರೆಯಿಲ್ಲ, ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಪೂರ್ತಿ ನ್ಯಾಯವಲ್ಲ. ಆದರೂ ಕಲೆಯ ಕಾಲವನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಗೆ ಈ ಅಂಗಳ ಒಂದು ಉತ್ತರ ಕೊಡುತ್ತದೆ.

ಹತ್ತು ತಂಡಗಳಿಗೆ ಹಂಚುವ ಹಣದಲ್ಲಿ ಒಂದೇ ತಂಡವನ್ನು ಕರೆದು, ಮೈಕಿನ ಅಬ್ಬರ ತಗ್ಗಿಸಿ, ಒಂದು ಸಾಲನ್ನು ಕೊನೆಮುಟ್ಟ ಹಾಡಿಸುವುದು ಯಾವ ತಾಲ್ಲೂಕಿಗೂ ಅಸಾಧ್ಯವಲ್ಲ. ಇದಕ್ಕೆ ಬರುವ ಆಕ್ಷೇಪಣೆ, ಜನ ಎದ್ದುಹೋಗುತ್ತಾರೆ, ಕುರ್ಚಿಗಳು ಖಾಲಿಯಾಗುತ್ತವೆ ಎಂಬುದು. ಎಲ್ಲರೂ ಎಚ್ಚೆತ್ತು ಕುಳಿತಿರಬೇಕೆಂಬುದು ಕುರ್ಚಿ ಹಾಕಿದ ಸಭೆಯ ಕಟ್ಟಳೆಯೇ ಹೊರತು ಜಾತ್ರೆಯದಲ್ಲ. ಕಪ್ಪಡಿಯಂಥ ಕಡೆ ಕೇಳುಗರು ಎದ್ದುಹೋಗಿ ಬರುತ್ತಾರೆ, ಮಗುವನ್ನು ಮಲಗಿಸುತ್ತಾರೆ, ತಾವೂ ಕಂಬಳಿ ಹೊದ್ದು ಅಲ್ಲೇ ಒರಗುತ್ತಾರೆ. ಕಲ್ಯಾಣದಲ್ಲಿ ಕಣ್ಣು ಮುಚ್ಚಿದವನು ಹಲಗೂರಿನಲ್ಲಿ ಎದ್ದು ಕುಳಿತರೂ ಹಿಮ್ಮೇಳದ ಸೊಲ್ಲು ಅವನನ್ನು ಕಥೆಯೊಳಕ್ಕೆ ಎಳೆದುಕೊಳ್ಳುತ್ತದೆ.